ನೀರುಗಂಟಿ ಚಿಕ್ಕಬೋರಯ್ಯ ಎತ್ತದ ಹಲಗೆ

ನಮ್ಮ ತಾತ ಚಿಕ್ಕಬೋರಯ್ಯನವರು ಮೂವತ್ತನಾಲ್ಕು ವರ್ಷ ನೀರುಗಂಟಿಯಾಗಿದ್ದರು. ನಾಲೆಯ ನೀರು ಯಾವ ದಿನ ಯಾರ ಗದ್ದೆಗೆ ಹೋಗಬೇಕೋ ಆ ದಿನ ಆ ಗದ್ದೆಯ ತೂಬಿನ ಹಲಗೆ ಎತ್ತುವುದು, ಸಾಕಾದ ಮೇಲೆ ಇಳಿಸುವುದು ಅವರ ಕೆಲಸ. ಭಾರತೀನಗರದ ಹತ್ತಿರವಿರುವ ನಮ್ಮೂರಿನ ಬಯಲಿನಲ್ಲಿ ಅವರ ಪಾಲಿಗೆ ಮೂವತ್ತೆಂಟು ತೂಬುಗಳಿದ್ದವು. ಆ ಮೂವತ್ತೆಂಟರ ಸರದಿಯೂ ಅವರ ತಲೆಯಲ್ಲೇ ಇತ್ತು. ಅವರಿಗೆ ಸಹಿ ಹಾಕಲು ಬರುತ್ತದೆ, ಓದಲು ಬರುವುದಿಲ್ಲ. ಒಮ್ಮೆ ಇಂಜಿನಿಯರೊಬ್ಬರು ಜೀಪಿನಲ್ಲಿ ಬಂದು ಸರದಿಯ ಪಟ್ಟಿ ಕೇಳಿದಾಗ ತಾತ ನಾಲೆಯ ಏರಿಯ ಮೇಲೆ ನಿಂತು ಮೂವತ್ತೆಂಟು ಹೆಸರನ್ನೂ ಹೇಳಿದರಂತೆ. ಇಂಜಿನಿಯರು ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು ಬರೆದುಕೊಂಡರಂತೆ.

ಬಯಲಿನ ಗದ್ದೆಗಳಲ್ಲಿ ನಮ್ಮ ಕೇರಿಯವರದ್ದು ಎರಡೋ ಮೂರೋ, ಉಳಿದವೆಲ್ಲ ಊರಿನ ಗೌಡರವು. ಸರದಿ ತಪ್ಪಿಸಿ ನೀರು ಬಿಡು ಎಂದು ಕೇಳಿದವರು, ಬೈದವರು ಬಹಳ ಜನ. ಸ್ವಂತ ಭಾಮೈದ ಕೇಳಿದಾಗಲೂ ತಾತ ಬಿಟ್ಟಿರಲಿಲ್ಲ. ಆ ಭಾಮೈದ ನಮ್ಮ ಅಪ್ಪನ ಮದುವೆಗೆ ಬರಲಿಲ್ಲ. ಅಜ್ಜಿ ಚಿಕ್ಕಮಾದಮ್ಮನವರು ಆ ಮಾತನ್ನು ಈಗಲೂ ಎತ್ತುತ್ತಾರೆ. ತಾತನಿಗೆ ಅದರಿಂದ ಬೇಸರವಿಲ್ಲ. ತಪ್ಪು ಕಡೆಗೆ ಒಂದು ಬೊಗಸೆ ನೀರನ್ನೂ ಬಿಟ್ಟವನಲ್ಲ ಎನ್ನುವುದೊಂದೇ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತು.

ಎರಡು ವರ್ಷದ ಹಿಂದೆ ಅವರು ಎಲೆ ಅಡಿಕೆ ತರಲು ಭಾರತೀನಗರಕ್ಕೆ ಸೈಕಲ್ಲಿನಲ್ಲಿ ಹೋಗಿ ಬಸ್ಸಿನಲ್ಲಿ ವಾಪಸು ಬಂದರು. ಸಂಜೆ ಸೈಕಲ್ ಯಾರು ತೆಗೆದುಕೊಂಡು ಹೋದರು ಎಂದು ಮನೆಯವರನ್ನೆಲ್ಲ ಕೇಳಿದರು. ಆಮೇಲೆ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳತೊಡಗಿದರು. ಕಳೆದ ಏಪ್ರಿಲ್‌ನಲ್ಲಿ ಅಪ್ಪ ಅವರನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಪಿಯುಸಿ ಅರ್ಧಕ್ಕೆ ಬಿಟ್ಟು ಮೊಮ್ಮಗಳಾದ ನಾನು ಮನೆಯಲ್ಲೇ ಇದ್ದುದರಿಂದ ನನ್ನನ್ನೂ ಕರೆದೊಯ್ದರು.

ಅಲ್ಲಿ ಪ್ರಿಯಾಂಕ ಎಂಬ ಮೇಡಂ ತಾತನಿಗೆ ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ತಾತನಿಗೆ ಎರಡೇ ನೆನಪಿದ್ದವು. ಗಡಿಯಾರದ ಚಿತ್ರ ಬರೆಯಲು ಹೇಳಿದಾಗ, ಗಡಿಯಾರ ಇಲ್ಲದೆ ಮೂವತ್ತನಾಲ್ಕು ವರ್ಷ ನೀರು ಬಿಟ್ಟಿದ್ದೇನೆ ಎಂದು ಪೆನ್ನು ಕೆಳಗಿಟ್ಟರು. ಮೇಡಂ ನಕ್ಕರು. ಆಮೇಲೆ ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಇದು ಅರಳುಮರಳಲ್ಲ, ವಯಸ್ಸಿಗೆ ಸಹಜವಾದ ಮರೆವಿಗಿಂತ ಒಂದು ಹೆಜ್ಜೆ ಹೆಚ್ಚು. ಕೆಲವರಿಗೆ ಮುಂದೆ ಹೆಚ್ಚಾಗುತ್ತದೆ, ಕೆಲವರಿಗೆ ಹೀಗೇ ಇರುತ್ತದೆ, ಕೆಲವರು ಸುಧಾರಿಸುವುದೂ ಉಂಟು. ಬಿಪಿ ಮಾತ್ರೆ ತಪ್ಪಿಸಬಾರದು. ಆದರೆ ಈ ಮರೆವಿಗೆಂದೇ ಕೊಡುವ ಮಾತ್ರೆ ಇಲ್ಲ. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕು, ನಾಲ್ಕು ಜನರ ಜೊತೆ ಮಾತಾಡಬೇಕು, ತಲೆಗೆ ಕೆಲಸ ಕೊಡಬೇಕು.

ಮನೆಗೆ ಬಂದ ಮೇಲೆ ಅಜ್ಜಿ, “ಮಾತ್ರೆ ಕೊಡ್ದಿರೋಳು ಎಂಥ ಡಾಕ್ಟ್ರಮ್ಮನ್ಲಾ? ನಡೀರಿ ಅಂತ ಏಳುಸ್ಕಳಕೆ ಮಂಡ್ಯಕ್ಕೆ ಓಗ್ಬೇಕಾಗಿತ್ತಾ?” ಎಂದು ಅಪ್ಪನನ್ನು ಕೇಳಿದರು.

ತಲೆಗೆ ಕೊಡುವ ಕೆಲಸವನ್ನು ಮೇಡಂ ತಾತನ ಕಸುಬಿನಿಂದಲೇ ತೆಗೆದಿದ್ದರು. ನಾಲೆ ಏರಿಯ ಮೇಲೆ ನಡೆಯುತ್ತ ತೂಬುಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೆಸರಿಸಬೇಕು. ಅದು ಹಳೆಯ ನೆನಪಾದ್ದರಿಂದ ಅಷ್ಟೇ ಸಾಲದು. ದಿನವೂ ದಾರಿಯಲ್ಲಿ ಕಂಡ ಮೂರು ಹೊಸ ಸಂಗತಿ ನೆನಪಿನಲ್ಲಿಟ್ಟುಕೊಂಡು ಸಂಜೆ ಹೇಳಬೇಕು. ನಾನು ಅವನ್ನು ಪುಸ್ತಕದಲ್ಲಿ ಬರೆದು ಮಾರನೆಯ ಬೆಳಿಗ್ಗೆ ಓದಿ ಹೇಳಬೇಕು. ಅವರು ಪ್ರಯತ್ನಿಸುವ ಮುಂಚೆ ನಾನು ಹೇಳಿಕೊಡಬಾರದು.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಮೊದಮೊದಲು ಮೂರರಲ್ಲಿ ಒಂದು ಹೇಳುತ್ತಿದ್ದ ತಾತ ಜೂನ್ ಹೊತ್ತಿಗೆ ಎರಡು, ಕೆಲವು ದಿನ ಮೂರೂ ಹೇಳುತ್ತಿದ್ದರು. ನಾಲೆ ಏರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ನೀನು ಯಾರ ಮಗ ಎಂದು ಕೇಳುತ್ತಿದ್ದರು. ಅವರ ಪಕ್ಕದಲ್ಲಿ ನಿಲ್ಲಲು ನನಗೆ ನಾಚಿಕೆಯಾಗುತ್ತಿತ್ತು. ಏಕೆಂದರೆ ಸಿಕ್ಕವರು ಉತ್ತರ ಹೇಳಿ, ಆಮೇಲೆ ನನ್ನ ಕಡೆ ತಿರುಗಿ, ಕಾಲೇಜು ಬಿಟ್ಟೆಯಂತೆ ಎನ್ನುತ್ತಿದ್ದರು.

ಜುಲೈನಲ್ಲಿ ನಾಲೆಗೆ ನೀರು ಬಂತು. ಬಯಲಿನಲ್ಲಿ ಒಟ್ಲು ಹಾಕತೊಡಗಿದರು. ನಾಟಿಗೆ ಮುಂಚೆ ಭತ್ತದ ಸಸಿ ಬೆಳೆಸುವ ಮಡಿಗೆ ಒಟ್ಲು ಎನ್ನುತ್ತಾರೆ. ಹನ್ನೊಂದನೆಯ ತೂಬಿನ ಕೆಳಗೆ ಶಶಿಧರ್ ಎನ್ನುವವರ ಗದ್ದೆ. ಅವರು ಮೊಳಕೆ ಕಟ್ಟಿದ ಭತ್ತ ಚೆಲ್ಲಿ ಒಂದೇ ದಿನವಾಗಿತ್ತು.

ಅವತ್ತು ಸಂಜೆ ತಾತ ನನಗಿಂತ ಇಪ್ಪತ್ತು ಹೆಜ್ಜೆ ಮುಂದಿದ್ದರು. ಎದುರಿನಿಂದ ಸ್ಕೂಟಿಯಲ್ಲಿ ದೀಪಿಕ ಬರುವುದು ಕಾಣಿಸಿತು. ಅವಳು ನನ್ನ ಜೊತೆ ಕಾಲೇಜಿಗೆ ಸೇರಿದವಳು, ಯೂನಿಫಾರಂನಲ್ಲಿದ್ದಳು. ನಾನು ಏರಿಯಿಂದ ಇಳಿದು ಹನ್ನೊಂದನೆಯ ತೂಬಿನ ಹತ್ತಿರ ಬೆನ್ನು ಮಾಡಿ ಕೂತೆ. ಸುಮ್ಮನೆ ಕೂತರೆ ಬಚ್ಚಿಟ್ಟುಕೊಂಡಂತೆ ಕಾಣುತ್ತದೆಂದು ಹಲಗೆ ಎತ್ತಿ, ಹರಿದ ನೀರಿನಲ್ಲಿ ಕಾಲು ತೊಳೆದುಕೊಂಡೆ. ಸ್ಕೂಟಿ ಹೋಯಿತು. ತಾತ ಮುಂದಿನಿಂದ ಕೂಗಿದರು. ನಾನು ಎದ್ದು ಓಡಿದೆ. ಹಲಗೆ ಇಳಿಸಲಿಲ್ಲ.

ರಾತ್ರಿಯೆಲ್ಲ ನೀರು ಹರಿದಿತ್ತು. ಬೆಳಿಗ್ಗೆ ಶಶಿಧರ್ ನಮ್ಮ ಮನೆಯ ಮುಂದೆ ಬಂದು ನಿಂತರು. ಭತ್ತವೆಲ್ಲ ಕೊಚ್ಚಿಕೊಂಡು ಹೋಗಿ ಒಂದು ಮೂಲೆಯಲ್ಲಿ ಕೆಸರಿನ ಕೆಳಗೆ ಸೇರಿದೆ ಎಂದರು. ಹಿಂದಿನ ಸಂಜೆ ತಾತ ಆ ಏರಿಯಲ್ಲಿ ಹೋಗುತ್ತಿದ್ದುದನ್ನು ನೋಡಿದವರಿದ್ದರು.

“ಏನ್ ಬೋರಯ್ಯ, ಇನ್ನೂ ನೀನೇ ನೀರುಗಂಟಿ ಅನ್ಕಂಡಿದ್ದೀಯಾ?” ಎಂದು ಕೇಳಿದರು. ಶಶಿಧರ್‌ಗೆ ತಾತನ ಅರ್ಧ ವಯಸ್ಸು.

ತಾತ ತುಂಬ ಹೊತ್ತು ಯೋಚಿಸಿದರು. ಅವರು ನೆನಪಿಗಾಗಿ ಹುಡುಕುತ್ತಿದ್ದಾರೆ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೊನೆಗೆ, “ನಂಗೆ ಗ್ಯಪ್ತಿ ಇಲ್ಲ ಕಣಪ್ಪ. ಆದ್ರೆ ಆ ದಾರೀಲಿ ಓಗೋನು ನಾನೇಯ. ನಾನೇ ಎತ್ತಿರ್ಬೇಕು,” ಎಂದು ಎರಡೂ ಕೈ ಜೋಡಿಸಿದರು.

ಕೇರಿಯ ಜನ ನೋಡುತ್ತಿದ್ದರು. ನಾನು ಬಾಗಿಲ ಹಿಂದೆ ಇದ್ದೆ. ಎರಡು ಹೆಜ್ಜೆ ಮುಂದೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಅಪ್ಪ ಬೀಜದ ಭತ್ತದ ಚೀಲ ಹೊತ್ತು ಶಶಿಧರ್ ಅವರ ಮನೆಗೆ ಹಾಕಿ ಬಂದರು.

ಅಂದಿನಿಂದ ತಾತ ನಾಲೆಯ ಕಡೆ ಹೋಗಲಿಲ್ಲ. ಅಪ್ಪನೂ ಬೇಡ ಎಂದರು. ಜಗಲಿಯ ಮೇಲೆ ಕೂತವರು ಕೂತಲ್ಲೇ ಇರುತ್ತಿದ್ದರು. ಮೊದಲು ತಾವೇ ಮಾಡುತ್ತಿದ್ದ ಕೆಲಸಗಳನ್ನೂ ಬಿಟ್ಟರು. ನೀರೊಲೆಗೆ ಸೌದೆ ಒಡ್ಡಿ, ಒಡ್ಡಿದೆನೋ ಇಲ್ಲವೋ ನೋಡು ಎಂದು ಅಜ್ಜಿಯನ್ನು ಕರೆಯುತ್ತಿದ್ದರು. ಕಣ್ಣ ಮುಂದೆ ಉರಿಯುತ್ತಿದ್ದರೂ ಕರೆಯುತ್ತಿದ್ದರು. ಮೂರು ಸಂಗತಿ ಕೇಳಿದರೆ, ಮನೆಯಲ್ಲೇ ಇದ್ದೇನಲ್ಲ, ಹೊಸದೇನಿರುತ್ತದೆ ಎನ್ನುತ್ತಿದ್ದರು. ಆಗಸ್ಟ್‌ನಲ್ಲಿ ಮಂಡ್ಯಕ್ಕೆ ಹೋದಾಗ ಐದು ಪದದಲ್ಲಿ ಒಂದೇ ಹೇಳಿದರು. ಮೇಡಂ ಪುಸ್ತಕದ ಖಾಲಿ ಪುಟಗಳನ್ನು ತಿರುವಿ, ನಡಿಗೆ ಯಾಕೆ ನಿಂತಿತು ಎಂದು ನನ್ನನ್ನೇ ಕೇಳಿದರು. ಅಪ್ಪ ಹಲಗೆಯ ಕಥೆ ಹೇಳಿದರು. ನಾನು ಮೇಜಿನ ಅಂಚು ನೋಡುತ್ತಿದ್ದೆ. ಜೊತೆಗೆ ಒಬ್ಬರು ಸರಿಯಾಗಿ ಇದ್ದರೆ ಹೀಗಾಗುವುದಿಲ್ಲ, ನಡಿಗೆ ಮಾತ್ರ ನಿಲ್ಲಿಸಬೇಡಿ ಎಂದು ಮೇಡಂ ಹೇಳಿದರು. ಅವರು ನನ್ನನ್ನು ಉದ್ದೇಶಿಸಿ ಹೇಳಿರಲಿಕ್ಕಿಲ್ಲ.

ಬಂದ ಮೇಲೂ ತಾತ ನಡೆಯಲು ಒಪ್ಪಲಿಲ್ಲ. ಆದರೆ ತಲೆಗೆ ಕೆಲಸ ಕೊಡಬೇಕು ಎಂಬ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತು. ಒಂದು ಸಂಜೆ ನನ್ನನ್ನು ಕೂಗಿದರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಗೆಲುವಿತ್ತು.

“ಗ್ಯಪ್ತಿ ಬಂತು ಕಣವ್ವ ನಾಗು. ದಿನಾ ಕೂತ್ಕಂಡು ಯೋಚ್ನೆ ಮಾಡ್ದೆ. ಬಲಗೈಲಿ ಎತ್ದೆ ಆ ಅಲಗೆಯ. ಪಾಚಿ ಕಟ್ಟಿತ್ತು, ಜಾರ್ತಿತ್ತು. ಎಡಗಡೆ ಏರಿಗೆ ಒರಗಿಸ್ದೆ. ಬರ್ಕೊ. ಮ್ಯಾಡಮ್ಮಂಗೆ ತೋರ್ಸು.”

ನಾನು ಪುಸ್ತಕ ತೆರೆದೆ, ಪೆನ್ನು ಹಿಡಿದೆ. ಬರೆದುಬಿಟ್ಟಿದ್ದರೆ ಅದೇ ನಿಜವಾಗುತ್ತಿತ್ತು. ಮಾರನೆಯ ಬೆಳಿಗ್ಗೆ ನಾನೇ ಅದನ್ನು ಅವರಿಗೆ ಓದಿ ಹೇಳುತ್ತಿದ್ದೆ. ಬಾಗಿಲ ಹಿಂದೆ ನಿಂತು ಒಂದು ತಿಂಗಳು ಸುಮ್ಮನಿದ್ದುದಕ್ಕಿಂತ ಅದು ಕೆಟ್ಟದ್ದು ಎಂದು ನನಗೆ ಆಗ ಗೊತ್ತಾಯಿತು.

“ತಾತ, ಆ ಅಲಗೆ ಎತ್ತಿದ್ದು ನಾನು,” ಎಂದೆ. “ಕಾಲು ತೊಳ್ಕಳಕೆ ಎತ್ದೆ. ಇಳ್ಸದು ಮರ್ತೋದೆ. ನೀನು ಮುಂದೆ ಓಗಿದ್ದೆ.”

“ನಾನಲ್ವಾ?”

“ನೀನಲ್ಲ.”

ತಾತ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಪಾಚಿ ಜಾರುತ್ತಿತ್ತಲ್ಲ ಎಂದು ಮೆಲ್ಲಗೆ ಅಂದುಕೊಂಡರು. ಮೂವತ್ತನಾಲ್ಕು ವರ್ಷ ಎತ್ತಿದ ಹಲಗೆಗಳಲ್ಲಿ ಯಾವುದರ ಪಾಚಿಯೋ ಅದು. ಆಮೇಲೆ ನನ್ನನ್ನು ನೋಡಿ ಕೇಳಿದರು. “ನಾನು ಅವನಿಗೆ ಕೈ ಮುಗುದ್ನಲ್ಲ. ಆವಾಗ ನೀನು ಎಲ್ಲಿದ್ದೆ?”

“ಬಾಗ್ಲಿಂದೆ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಹೊತ್ತಿಗೆ ಅಜ್ಜಿ ಒಳಗಿನಿಂದ ಬಂದು ನಿಂತಿದ್ದರು. ಅವರೂ ಕೇಳಿಸಿಕೊಂಡಿದ್ದರು.

“ಬರಿ,” ಎಂದರು ತಾತ. “ನೀನು ಈಗ ಏಳಿದ್ನೇ ಬರಿ. ಬೆಳಿಗ್ಗೆಗೆ ನಾನು ಮರ್ತುಬುಟ್ಟಿರ್ತೀನಿ.”

ಬರೆದೆ. ನಾಲ್ಕು ಸಾಲು ಬರೆಯಲು ತುಂಬ ಹೊತ್ತು ಹಿಡಿಯಿತು. ರಾತ್ರಿ ಅಪ್ಪನಿಗೂ ಗೊತ್ತಾಯಿತು. ಅಪ್ಪ ನನ್ನನ್ನು ಊಟಕ್ಕೆ ಮಾತ್ರ ಕರೆದರು.

ಬೆಳಿಗ್ಗೆ ಮೊದಲಿನಂತೆ ಹಿಂದಿನ ದಿನದ ಪುಟ ಓದಬೇಕಾಗಿತ್ತು. ತಾತ ಜಗಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಅವರಿಗೆ ನೆನಪಿತ್ತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಓದಿದೆ. ಇನ್ನೊಂದು ಸಲ ಓದು ಎಂದರು. ಓದಿದೆ. ಅವರು ಎದ್ದು ಟವಲ್ ಹೆಗಲಿಗೆ ಹಾಕಿಕೊಂಡು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ನಾಲೆಯ ಕಡೆ ಹೊರಟರು. ಓದಲು ಬಾರದವರು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದರು. ನಾನು ಹಿಂದೆ ಹೋದೆ. ಮೊದಲನೆಯ ತೂಬಿನಿಂದ ಒಂದೊಂದೇ ಹೆಸರು ಹೇಳುತ್ತ ನಡೆದರು. ಹನ್ನೊಂದಕ್ಕೆ ಬಂದು ನಿಂತರು.

ಶಶಿಧರ್ ಗದ್ದೆಯಲ್ಲಿ ಬದು ಕಡಿಯುತ್ತಿದ್ದರು. ಎಲ್ಲರ ನಾಟಿ ಮುಗಿದಿದ್ದರೂ ಅವರದು ಇನ್ನೂ ಮುಗಿದಿರಲಿಲ್ಲ. ನಾಟಿಯ ಹೆಂಗಸರು ಏಳೆಂಟು ಜನ ಇದ್ದರು. ತಾತ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಓದು,” ಎಂದರು.

ನಾನು ತಲೆ ಬಗ್ಗಿಸಿ ಓದಿದೆ. ಶಶಿಧರ್ ಕಿವಿಯ ಹಿಂದೆ ಕೈ ಇಟ್ಟು, ಏನಂದೆ ಎಂದರು.

“ಗಟ್ಟಿಯಾಗಿ ಓದವ್ವ. ಕೈ ಮುಗ್ದಾಗ ನಾನು ಗಟ್ಟಿಯಾಗೇ ಏಳಿದ್ದೆ.”

ಇನ್ನೊಮ್ಮೆ ಓದಿದೆ. ಹೆಂಗಸರು ಸಸಿ ನೆಡುವುದನ್ನು ನಿಲ್ಲಿಸಿದರು. ಶಶಿಧರ್ ತಾತನನ್ನು ನೋಡಿ, ಸನಿಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿ ಮತ್ತೆ ಬಗ್ಗಿದರು. ತಾತ ಹನ್ನೆರಡನೆಯ ತೂಬಿನ ಹೆಸರು ಹೇಳುತ್ತ ಮುಂದೆ ನಡೆದರು.

ಸಂಜೆ ಮೂರು ಸಂಗತಿ ಕೇಳಿದೆ. ಶಶಿಧರನ ನಾಟಿ ತಡವಾಗಿದೆ ಎಂದರು. ಇಪ್ಪತ್ತನೆಯ ತೂಬಿನ ಹತ್ತಿರ ಯಾರೋ ಹೊಸದಾಗಿ ತೆಂಗಿನ ಸಸಿ ನೆಟ್ಟಿದ್ದಾರೆ ಎಂದರು. ಮೂರನೆಯದಕ್ಕೆ ಕಣ್ಣು ಮುಚ್ಚಿ ಹುಡುಕತೊಡಗಿದರು. ಅದು ಏನೆಂದು ನನಗೆ ಗೊತ್ತಿತ್ತು. ಹೇಳಿಕೊಡುವಂತಿರಲಿಲ್ಲ. ಅದೊಂದು ಅವರಿಗೆ ಮರೆತುಹೋಗಿರಲಿ ಎಂದು ನಾನು ಬಯಸಿದೆ. ಅವರಿಗೆ ನೆನಪು ಬರಲೆಂದೇ ಬರೆಯುವ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೆ ಬಯಸಿದೆ.

“ನೀನು ಓದಿದ್ದು,” ಎಂದರು ತಾತ, ಕಣ್ಣು ಬಿಟ್ಟು. “ಎರಡ್ಸಲ.”

ಬರೆದುಕೊಂಡೆ.