ಫ್ಯಾನಪ್ಪ ಏರಿಸಿದ ವೇಗ

ಅವನಿಗೆ ಹೆತ್ತವರಿಟ್ಟ ಹೆಸರೊಂದಿತ್ತು. ಬೀದಿಯವರು ಅದನ್ನು ಮರೆತು ಫ್ಯಾನಪ್ಪ ಎನ್ನುತ್ತಿದ್ದರು. ಕಂಪ್ಯೂಟರ್ ರಿಪೇರಿಗೆ ಕರೆದರೆ ಅವನು ಸ್ಕ್ರೂ ಬಿಚ್ಚುವ ಮೊದಲು ಡಬ್ಬಕ್ಕೆ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳುತ್ತಿದ್ದ. ಧೂಳು ಕಟ್ಟಿದೆಯೋ, ಬಿಸಿ ಏರಿದೆಯೋ, ಆ ಸದ್ದಿನಲ್ಲೇ ತಿಳಿದುಬಿಡುತ್ತಿತ್ತು. ನಲವತ್ತೈದಾದರೂ ಮದುವೆಯಿಲ್ಲ. "ಹೆಣ್ಣು ನೋಡೋಕೆ ಕರ್ಕೊಂಡು ಹೋದ್ರೆ ಅವ್ರ ಮನೆ ಸೀಲಿಂಗ್ ಫ್ಯಾನ್ ನೋಡ್ಕೊಂಡು ಬಂದ, ಮಹಾನುಭಾವ" ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕನ ಮನೆಯ ಮುಂದಿನ ಕೋಣೆಯೇ ಕಸೂತಿ ಅಂಗಡಿ. ಅಲ್ಲಿ ಆರು ಸೂಜಿಯ ಯಂತ್ರವೊಂದು, ಅದಕ್ಕೆ ಚಿತ್ರ ಕೊಡುವ ಹಳೆಯ ಕಂಪ್ಯೂಟರೊಂದು. ಚಿತ್ರಗಳೆಲ್ಲ ಭಾವನವು. ಹದಿನೆಂಟು ವರ್ಷ ಪರದೆಯ ಮುಂದೆ ಕೂತು, ಒಂದೊಂದು ಹೊಲಿಗೆಗೂ ಚುಕ್ಕಿಯಿಟ್ಟು ಮುನ್ನೂರಕ್ಕೂ ಹೆಚ್ಚು ಬಳ್ಳಿ, ಹಕ್ಕಿ, ಅಂಚುಗಳನ್ನು ಮಾಡಿ ಫ್ಲಾಪಿ ತಟ್ಟೆಗಳಲ್ಲಿ ತುಂಬಿಟ್ಟಿದ್ದರು. ಈಗ ಅವರ ನೋಟದ ನಡುಭಾಗವೇ ಅಳಿಸಿಹೋಗಿತ್ತು. ಹೊಸದಾಗಿ ಒಂದು ಎಲೆಯನ್ನೂ ಬರೆಯಲಾರರು. ಇದ್ದ ಚಿತ್ರಗಳೇ ಅಂಗಡಿ, ಇದ್ದ ಚಿತ್ರಗಳೇ ಅವರು.

ಕಂಪ್ಯೂಟರ್ ಬದಲಿಸುವಂತಿರಲಿಲ್ಲ. ಕಸೂತಿಯ ಸಾಫ್ಟ್‌ವೇರ್ ನಡೆಯಲು ಹಿಂದುಗಡೆ ಅಗಲವಾದ ಸಾಕೆಟ್ಟಿಗೆ ಒಂದು ಕೀಲಿಯಂಥದ್ದನ್ನು ಚುಚ್ಚಬೇಕಿತ್ತು. ಅಂಥ ಸಾಕೆಟ್ ಹೊಸ ಬೋರ್ಡುಗಳಲ್ಲಿ ಇರಲಿಲ್ಲ.

"ಇದ್ರಲ್ಲಿ ಒಂದು ಹೂವಿನ ಚಿತ್ರ ತೆಗೆಯೋಕೆ ನಾಲ್ಕು ನಿಮಿಷ ಕಣೋ. ಅಷ್ಟರಲ್ಲಿ ಗಿಡದಲ್ಲೇ ಒಂದು ಅರಳುತ್ತೆ. ಏನಾದ್ರೂ ಮಾಡು" ಎಂದಳು ಅಕ್ಕ.

ಫ್ಯಾನಪ್ಪ ಸೆಟ್ಟಿಂಗಿನ ನೀಲಿ ಪರದೆ ತೆರೆದು ಬೋರ್ಡಿನ ಮಿಡಿತವನ್ನು, ಅಂದರೆ ಅದರ ಕೆಲಸದ ವೇಗವನ್ನು, ನೂರರಿಂದ ನೂರಹದಿನೆಂಟಕ್ಕೆ ಏರಿಸಿದ. ಪ್ರೊಸೆಸರ್ ಓಡಿತು, ಜೊತೆಗೆ ಮೆಮೊರಿಯೂ. ಹತ್ತು ನಿಮಿಷ ಪರೀಕ್ಷೆ ಓಡಿಸಿ, ಡಬ್ಬಕ್ಕೆ ಕಿವಿಯಿಟ್ಟ. ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ನಾಲ್ಕು ನಿಮಿಷದ ಹೂವು ಮೂರೂವರೆಯೊಳಗೆ ತೆರೆಯಿತು.

"ಈಗಲೇ ಎಲ್ಲಾ ಒಂದ್ಕಡೆ ಸೇರಿಸ್ಬಿಡು ಅಕ್ಕ. ಆ ಫ್ಲಾಪಿಗಳು ಬೂಷ್ಟು ಹಿಡೀತಿವೆ" ಎಂದು ತಾನಾಗಿಯೇ ಬುದ್ಧಿ ಹೇಳಿದ.

ಅಕ್ಕ ಮೂರು ದಿನ ಕೂತು ಒಂದೊಂದೇ ಚಿತ್ರವನ್ನು ಫ್ಲಾಪಿಯಿಂದ ತೆರೆದು ಕಂಪ್ಯೂಟರಿನಲ್ಲಿ ಉಳಿಸಿದಳು. ಕೆಲಸ ಮುಗಿದ ಫ್ಲಾಪಿಗಳ ಚೀಲ ಗುಜರಿಯವನ ಗಾಡಿ ಸೇರಿತು.

ಮುಂದಿನ ವಾರ ಯಂತ್ರ ಒಂದು ಬಳ್ಳಿಯನ್ನು ಹೊಲಿಯುತ್ತಿತ್ತು. ಎಲೆಯ ಅರ್ಧದಲ್ಲಿ ಸೂಜಿ ಬಟ್ಟೆಯ ಇನ್ನೊಂದು ಮೂಲೆಗೆ ನೆಗೆದು, ಉದ್ದನೆಯ ನೂಲೆಳೆದು ಮತ್ತೆ ಮರಳಿತು. ದಾರ ತೊಡರಿರಬೇಕೆಂದು ಅಕ್ಕ ಇನ್ನೊಂದು ಚಿತ್ರ ಹಾಕಿದಳು. ಅದೂ ನೆಗೆಯಿತು.

ಫ್ಯಾನಪ್ಪ ಬಂದು ಚಿತ್ರಗಳನ್ನು ತೆರೆಯುತ್ತ ಹೋದ. ಹತ್ತನೆಯದಕ್ಕೆ ಕಾರಣ ಹೊಳೆಯಿತು. ಹೊಸ ಬೋರ್ಡುಗಳಲ್ಲಿ ಚಿತ್ರ ಉಳಿಸುವ ಡಿಸ್ಕಿನ ದಾರಿಗೆ ಬೇರೆಯೇ ಮಿಡಿತ. ಈ ಹಳೆಯದರಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕು ಎಲ್ಲ ಒಂದೇ ನೊಗಕ್ಕೆ ಕಟ್ಟಿದಂಥವು. ಒಂದನ್ನು ಓಡಿಸಿದರೆ ಎಲ್ಲವೂ ಓಡಬೇಕು. ಅಷ್ಟು ಓಡಲಾರದ ಡಿಸ್ಕಿನ ದಾರಿ ಚಿತ್ರ ಉಳಿಸುವಾಗ ಎಲ್ಲೋ ಒಂದೊಂದು ಅಂಕಿಯನ್ನು ತಪ್ಪಾಗಿ ಬರೆಯುತ್ತ ಬಂದಿತ್ತು. ಅಂಥ ತಪ್ಪಿಗೆ ಸದ್ದಿರುವುದಿಲ್ಲ.

ಅವನು ಮಿಡಿತವನ್ನು ನೂರಕ್ಕೆ ಇಳಿಸಿದ. ಕಂಪ್ಯೂಟರ್ ಸರಿಹೋಯಿತು. ಆದರೆ ಆಗಲೇ ತಪ್ಪಾಗಿ ಬರೆದುಹೋದ ಚಿತ್ರಗಳು ಹಾಗೇ ಇದ್ದವು. ಗುಜರಿ ಅಂಗಡಿಗೆ ಓಡಿದ. ಫ್ಲಾಪಿಗಳ ಆ ಚೀಲ ಊರು ಬಿಟ್ಟು ನಾಲ್ಕು ದಿನವಾಗಿತ್ತು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು" ಎಂದಳು ಅಕ್ಕ. ಬೈಯಲು ಶುರುಮಾಡಿದವಳು ಅವನ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿ, ಹೊಲಿಗೆ ಬಿಚ್ಚಲು ಕತ್ತರಿ ಹುಡುಕುತ್ತ ಒಳಗೆ ಹೋದಳು.

ಭಾವ ಗೋಡೆ ಹಿಡಿದು ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು.

"ಎಷ್ಟು ಹೋಯ್ತು?"

"ನೋಡ್ತಿದೀನಿ ಭಾವ."

"ನೋಡೋಕೆ ನಿನಗೆ ಕಣ್ಣಿದೆ, ಗೊತ್ತು. ಎಷ್ಟು ಹೋಯ್ತು ಅಂದೆ."

"ಅರ್ಧಕ್ಕಿಂತ ಜಾಸ್ತಿ."

ಭಾವ ಮೊಣಕಾಲನ್ನು ನಿಧಾನಕ್ಕೆ ಸವರಿಕೊಂಡರು.

"ನಾನೇ ಸರಿ ಮಾಡ್ತೀನಿ ಭಾವ. ನೀವು ಬಾಯಲ್ಲಿ ಹೇಳಿ, ನಾನು ಚುಕ್ಕಿ ಇಡ್ತೀನಿ. ವರ್ಷ ಆದ್ರೂ ಆಗ್ಲಿ."

"ಸರಿ. ಒಂದು ತೆಗಿ."

ಅವನು ತೆರೆದ. ಪರದೆಯ ತುಂಬ ಗೆರೆಗಳು ಸಿಕ್ಕುಸಿಕ್ಕಾಗಿದ್ದವು. ಹಕ್ಕಿಯೋ ಹೂವೋ ಅವನಿಗೆ ತಿಳಿಯಲಿಲ್ಲ. ಭಾವ ಚಿತ್ರಗಳಿಗೆ ಹೆಸರಿಟ್ಟವರಲ್ಲ, ಬರೀ ಅಂಕಿ ಹಾಕಿದ್ದರು.

"ಯಾವುದದು?"

"ಇನ್ನೂರ ಹದಿನಾಲ್ಕು."

ಭಾವ ಪರದೆಯ ಕಡೆ ಮುಖ ಮಾಡಿದರು. ಬೆರಳುಗಳು ಗಾಳಿಯಲ್ಲಿ ಒಂದು ತಿರುವು ಬರೆದು, ಅಳಿಸಿದವು.

"ಅದೇನಿತ್ತು ಅಂತ ನೆನಪಾಗ್ತಿಲ್ಲ ಕಣೋ" ಎಂದರು.