ಕಾರಿಗೆ ಕಂಬಳಿ ಸೂರು

ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ವಾರದಲ್ಲಿ, ಯತ್ತಪ್ಪ ಹೊಸದುರ್ಗದ ನಮ್ಮ ಮನೆಗೆ ಬಂದು "ಇದ್ದೀನ್ರಿ ಡಾಕ್ಟ್ರೇ" ಎಂದು ಹೇಳಿ ಹೋಗುತ್ತಿದ್ದ. ಅವನಿಗೆ ಬೇರೆ ಕೆಲಸವೇನೂ ಇರುತ್ತಿರಲಿಲ್ಲ. ಹಿರಿಯೂರಿನಿಂದ ಬಸ್ಸು ಹಿಡಿದು ಬರುತ್ತಿದ್ದ, ಒಂದು ಸಣ್ಣ ಡಬ್ಬಿ ತುಪ್ಪ ಕೊಡುತ್ತಿದ್ದ, ಅಪ್ಪನ ಎದುರು ನಿಂತು ಮುಖ ತೋರಿಸುತ್ತಿದ್ದ. ಅಪ್ಪ "ಇದ್ದೀಯಲ್ಲ, ಸಾಕು" ಎನ್ನುತ್ತಿದ್ದರು. ಆಮೇಲೆ ಅವನಿಗೆ ಉಪ್ಪಿಟ್ಟು ಮಾಡಿಕೊಡುವ ಕೆಲಸ ನನ್ನ ತಲೆಗೆ ಬೀಳುತ್ತಿತ್ತು. ಹೈಸ್ಕೂಲಿನಲ್ಲಿ ದಿನವಿಡೀ ಗಂಟಲು ಹರಿದುಕೊಂಡು ಬಂದವಳಿಗೆ ಅದೊಂದು ರಗಳೆ ಎನ್ನಿಸುತ್ತಿತ್ತು. ಈಗ ಅದನ್ನು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಅಪ್ಪ, ಅಂದರೆ ಗಂಗಾಧರಪ್ಪ, ದನದ ಡಾಕ್ಟರಾಗಿದ್ದವರು. ಅವರಿಗೊಂದು ಮೂವತ್ತೇಳನೇ ಇಸವಿಯ ಮಾರಿಸ್ ಕಾರಿತ್ತು. ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ನಮ್ಮ ತಾತ, ಯಾರೋ ಓಡಿಸಿ ಬಿಟ್ಟಿದ್ದ ಅದನ್ನು ಅಳಿಯನಿಗೆ ಕೊಡಿಸಿದ್ದರು. ಸುಮಾರು ಐವತ್ತನೇ ಇಸವಿಯಲ್ಲಿ ಅಪ್ಪ ಅದೇ ಕಾರಿನಲ್ಲಿ ಕುರಿ ಮಂದೆಯೊಂದಕ್ಕೆ ಸೂಜಿ ಹಾಕಲು ಹೋಗಿದ್ದಾಗ, ಮಂದೆಯ ಹುಡುಗನೊಬ್ಬನಿಗೆ ಹಾವು ಕಚ್ಚಿತ್ತು. ಯಾವ ಹಾವೆಂದು ಯಾರೂ ನೋಡಿರಲಿಲ್ಲ. ಹತ್ತು ವರ್ಷದ ಆ ಹುಡುಗನೇ ಯತ್ತಪ್ಪ. ಅಪ್ಪ ಅವನನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೊರಟರು. ಹಾವು ಕಚ್ಚಿದವರು ನಿದ್ದೆ ಮಾಡಬಾರದಲ್ಲ. ಅದಕ್ಕೆ ಅಪ್ಪ, ಕಾರಿನ ಟಾಪಿಗೆ ಒಳಗಿನಿಂದ ಕಟ್ಟಿದ್ದ ಬೂದು ಬಟ್ಟೆಯನ್ನು ತೋರಿಸಿ, "ಅದರಾಗೆ ಎಷ್ಟು ಹೊಲಿಗೆ ಅವೆ, ಜೋರಾಗಿ ಎಣಿಸು" ಎಂದರು. ಅದರಲ್ಲಿ ಅಡ್ಡಡ್ಡಕ್ಕೆ ಐದು ಹೊಲಿಗೆಗಳಿದ್ದವು. ಹುಡುಗ ಐದರ ತನಕ ಎಣಿಸಿ ಸುಮ್ಮನಾದಾಗಲೆಲ್ಲ ಅಪ್ಪ "ನಿಲ್ಲಿಸಬ್ಯಾಡ ಕಣೋ, ತಿರುಗಿ ಎಣಿಸು" ಎಂದು ಕೂಗುತ್ತಿದ್ದರು. ಹೊಳಲ್ಕೆರೆ ದಾಟಿದ ಮೇಲೆ ಒಂದೆರಡು ಸಲ ಹಿಂದಿನಿಂದ ಧ್ವನಿಯೇ ಬರಲಿಲ್ಲವಂತೆ. ಆಗ ತಿರುಗಿ ನೋಡುವ ಧೈರ್ಯ ತಮಗೆ ಬರಲಿಲ್ಲ ಎಂದು ಅಪ್ಪ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದ್ದರು.

ಹುಡುಗ ಬದುಕಿಕೊಂಡ. ಆದರೆ ಕಾಲು ಸ್ವಲ್ಪ ಎಳೆಯುತ್ತಿದ್ದುದರಿಂದ ಕುರಿಯ ಹಿಂದೆ ಓಡುವುದಾಗಲಿಲ್ಲ. ಹಿರಿಯೂರಿನ ಹೈವೇ ಪಕ್ಕ ಲಾರಿ ಸೀಟು, ಟಾರ್ಪಾಲು ಹೊಲಿಯುವವರ ಹತ್ತಿರ ಸೇರಿ, ಕೊನೆಗೆ ತಾನೇ ಒಂದು ಅಂಗಡಿ ಹಾಕಿಕೊಂಡ. ಕುರಿಗಳು ಹೆಂಡತಿ ಓಬವ್ವನ ಪಾಲಿಗೆ ಬಂದವು.

ಎಪ್ಪತ್ತಾರರ ದೀಪಾವಳಿ ಕಳೆದು ಅವನು ಬಂದು "ಇದ್ದೀನ್ರಿ ಡಾಕ್ಟ್ರೇ" ಎಂದಾಗ, ಜಗಲಿಯಲ್ಲಿ ಕೂತಿದ್ದ ಅಪ್ಪ ಅವನ ಕಡೆ ಮುಖವೆತ್ತಿ ಕಣ್ಣು ಕಿರಿದು ಮಾಡಿದರು. ಆಮೇಲೆ "ಯತ್ತಪ್ಪನೇನೋ? ಧ್ವನಿ ಹಂಗೈತೆ" ಎಂದರು. ಅವನು ಮೂರು ಅಡಿ ದೂರದಲ್ಲಿ ನಿಂತಿದ್ದ.

ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಚಿತ್ರದುರ್ಗದಲ್ಲಿ ನವೆಂಬರ್ ಇಪ್ಪತ್ತೆರಡಕ್ಕೆ ಆಪರೇಷನ್ ಎಂದು ಗೊತ್ತುಮಾಡಿದ್ದರು. ಹೊರಗಿನಿಂದ ದೊಡ್ಡ ಕಣ್ಣಿನ ಡಾಕ್ಟರು ಬರುವವರಿದ್ದರು. ಅಪ್ಪ ಒಂದೊಂದು ನೆಪ ಹೇಳಿ ಮುಂದೂಡುತ್ತಿದ್ದರು. ಸಾವಿರಾರು ದನಗಳಿಗೆ ಕತ್ತರಿ ಹಿಡಿದ ಮನುಷ್ಯ ತನ್ನ ಕಣ್ಣಿಗೆ ಕತ್ತರಿ ಎಂದರೆ ಹೆದರುತ್ತಿದ್ದರು. ಬಸ್ಸಿನಲ್ಲಿ ಆಗಲ್ಲ, ಕುಲುಕುತ್ತದೆ. ಹೋಗುವುದಾದರೆ ತಮ್ಮ ಕಾರಿನಲ್ಲೇ ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವರದು. ಕಾರೇನೋ ಓಡುತ್ತಿತ್ತು, ಓಡಿಸಲು ನನಗೂ ಕಲಿಸಿದ್ದರು. ಆದರೆ ಟಾಪಿನ ಒಳಬಟ್ಟೆ ಜೀರ್ಣವಾಗಿ ಜೋತುಬಿದ್ದು, ಗಾಡಿ ಎಗರಿದಾಗಲೆಲ್ಲ ಪುಡಿ ಉದುರುತ್ತಿತ್ತು. ಆಪರೇಷನ್ ಆದ ಕಣ್ಣಿಗೆ ಒಂದು ಕಣ ಧೂಳೂ ಬೀಳಬಾರದೆಂದು ಆಸ್ಪತ್ರೆಯವರು ಹೇಳಿದ್ದೇ ತಡ, ಅಪ್ಪನಿಗೆ ಅದೇ ಹೊಸ ನೆಪವಾಯಿತು. ನಾನು ಬೊಂಬಾಯಿಯಲ್ಲಿದ್ದ ಚಿಕ್ಕಪ್ಪನ ಮಗನಿಗೆ ಬರೆದು ಕಾರಿಗೇ ಎಂದು ಮಾಡಿದ ಬೂದು ಬಟ್ಟೆ ತರಿಸಿದೆ. ಹಾಕುವವರು ಸಿಗಲಿಲ್ಲ.

ಇದನ್ನೆಲ್ಲ ನಾನು ಒಂದೇ ಉಸಿರಿಗೆ ಯತ್ತಪ್ಪನ ಮುಂದೆ ಸುರಿದೆ. ಅವನು ಎದ್ದು ಕಾರಿನ ಹತ್ತಿರ ಹೋಗಿ ಒಳಗೆ ತಲೆ ಹಾಕಿ ಬಹಳ ಹೊತ್ತು ಮೇಲೆ ನೋಡಿದ. "ಅದನ್ನ ನಾನು ಹಾಕ್ತೀನ್ರಿ, ಶಾಂತಕ್ಕಾರೆ. ಬ್ಯಾರೆ ಯಾರೂ ಮುಟ್ಟೋದು ಬ್ಯಾಡ" ಎಂದ. ಉಪ್ಪಿಟ್ಟು ಆರುತ್ತಲೇ ಇತ್ತು.

ಮೂರನೇ ದಿನ ಹೊಲಿಗೆ ಮಿಷನ್ನಿನ ತಲೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದ. ಅಂಗಳದ ಬೇವಿನ ಮರದಡಿ ಕಾರು ನಿಲ್ಲಿಸಿ ಹಳೆಯ ಬಟ್ಟೆ ಬಿಚ್ಚಿದ; ಅದು ಬಟ್ಟೆಯಾಗಿ ಬರಲಿಲ್ಲ, ಬೂದಿಯಾಗಿ ಬಂತು. ಬಾಗಿದ ಐದು ಕಂಬಿಗಳು ಉಳಿದವು. ಬಟ್ಟೆಗೆ ಐದು ಪಟ್ಟಿ ಹೊಲಿದು, ಅವುಗಳೊಳಗೆ ಕಂಬಿ ತೂರಿಸಿ ಟಾಪಿಗೆ ನೇತುಹಾಕಬೇಕು. ಯತ್ತಪ್ಪ ಅಳತೆ ತೆಗೆದ, ಕತ್ತರಿಸಿದ, ದಬ್ಬಳದಂಥ ಸೂಜಿ ಹಾಕಿ ಸಂಜೆಯೊಳಗೆ ಹೊಲಿದು ಮುಗಿಸಿದ. ಮಾರನೇ ಬೆಳಿಗ್ಗೆ ಮೇಲೆತ್ತಿ ಕಟ್ಟಿದ ಮೇಲೆ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತ.

ಅವನ ಇಡೀ ಆಯುಷ್ಯ ಟಾರ್ಪಾಲು ಹೊಲಿದು ಕಳೆದಿತ್ತು. ಟಾರ್ಪಾಲು ಕಂಬಿಯ ಮೇಲೆ ಹೋಗುತ್ತದೆ, ಚಂದದ ಮುಖ ಆಕಾಶಕ್ಕೆ. ಕಾರಿನ ಒಳಬಟ್ಟೆ ಕಂಬಿಯ ಕೆಳಗೆ ತೂಗುತ್ತದೆ, ಚಂದದ ಮುಖ ಕೂತವರಿಗೆ. ಅವನ ಕೈ ಅಭ್ಯಾಸಬಲದಿಂದ ಚಂದದ ಮುಖವನ್ನು ಮೇಲಕ್ಕಿಟ್ಟು, ಕಂಬಿಯ ಪಟ್ಟಿಗಳನ್ನೆಲ್ಲ ಅದಕ್ಕೇ ಹೊಲಿದುಬಿಟ್ಟಿತ್ತು; ಕೂತವರಿಗೆ ಕಾಣುತ್ತಿದ್ದದ್ದು ಬಟ್ಟೆಯ ಹಿಂಬದಿ. ಬಿಚ್ಚಿದರೆ ಸೂಜಿ ಹೋದ ಕಡೆಯೆಲ್ಲ ಜರಡಿಯಂತೆ ತೂತು. ಮಗುಚಿ ಎಳೆದು ಕಟ್ಟಲು ನೋಡಿದಾಗ ತೂತಿನ ಸಾಲಿನಗುಂಟ ಬಟ್ಟೆ ಪರ್ರನೆ ಹರಿಯಿತು.

ನಾನು ಬಾಯಿಗೆ ಬಂದಂತೆ ಅಂದೆ. "ಆ ಬಟ್ಟೆ ತರಿಸೋಕೆ ಒಂದೂವರೆ ತಿಂಗಳು ಹಿಡಿದಿದೆ. ಗೊತ್ತಿಲ್ಲದ ಕೆಲಸಕ್ಕೆ ಯಾಕಪ್ಪ ಕೈ ಹಾಕಿದೆ?" ಎಂದೆ. ಜಗಲಿಯಿಂದ ಅಪ್ಪ, "ಹೋಗಲಿ ಬಿಡು ಶಾಂತ. ಹಣೆಬರಹದಲ್ಲಿ ಇಲ್ಲ ಅಂತ ಕಾಣ್ತದೆ. ಆಪರೇಷನ್ ಬ್ಯಾಡ, ಹಿಂಗೇ ಇರ್ತೀನಿ" ಎಂದರು. ಅವರ ಧ್ವನಿಯಲ್ಲಿ ನಿರಾಳವಿತ್ತು. ನನಗೆ ಬಟ್ಟೆ ಹರಿದದ್ದಕ್ಕಿಂತ ಆ ನಿರಾಳಕ್ಕೇ ಹೆಚ್ಚು ಸಂಕಟವಾಯಿತು. ಯತ್ತಪ್ಪನೂ ಅದನ್ನು ಕೇಳಿಸಿಕೊಂಡ. ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದ. ಮಿಷನ್ ತಲೆ ನಮ್ಮಲ್ಲೇ ಉಳಿಯಿತು. ಇನ್ನು ಇವನು ಈ ಕಡೆ ಮುಖ ಹಾಕುವುದಿಲ್ಲ ಎಂದುಕೊಂಡೆ.

ಒಂಬತ್ತನೇ ದಿನ ಗಂಡ ಹೆಂಡತಿ ಇಬ್ಬರೂ ಬಂದರು. ಓಬವ್ವನ ಕಂಕುಳಲ್ಲಿ ಸುರುಳಿ ಸುತ್ತಿದ ಕರಿಕಂಬಳಿಯಿತ್ತು. ಮುಟ್ಟಿ ನೋಡಿದೆ, ಕಂಬಳಿ ಇಷ್ಟು ತೆಳ್ಳಗೆ, ಇಷ್ಟು ಮೆತ್ತಗೆ ಇರುವುದನ್ನು ನಾನು ನೋಡಿರಲಿಲ್ಲ. ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಆಕೆ ಎರಡು ವರ್ಷದಿಂದ ಸಣ್ಣಗೆ ನೂತು ಇಟ್ಟಿದ್ದಳಂತೆ, ಮಗಳ ಬಾಣಂತನಕ್ಕೆ ಬೇಕಾಗುತ್ತದೆಂದು. ಮಗಳಿಗೆ ಆಗ ಒಂಬತ್ತು ವರ್ಷ. ಐಮಂಗಲದ ಹತ್ತಿರ ಕಂಬಳಿ ನೇಯುವ ಮೂರ್ತಪ್ಪ ಎಂಬವರು ಮಗ್ಗದ ಮೇಲಿದ್ದ ಬೇರೆಯವರ ಕಂಬಳಿ ಬದಿಗಿಟ್ಟು ಇದನ್ನು ನೇಯ್ದುಕೊಟ್ಟಿದ್ದರು.

"ಇದರಾಗೆ ಸೂಜಿ ತೂತು ನಿಲ್ಲಲ್ರಿ. ಉಣ್ಣೆ ತಾನೇ ಮುಚ್ಕಂತದೆ" ಎಂದ ಯತ್ತಪ್ಪ, ನನ್ನ ಮುಖ ನೋಡದೆ.

"ಆಪರೇಷನ್‌ಗೆ ಹೋಗೋ ಮನುಷ್ಯನ ತಲೆ ಮೇಲೆ ಕಪ್ಪು ಬಟ್ಟೆಯಾ?" ಎಂದೆ.

ಓಬವ್ವ ಕೊಡುವ ಉತ್ತರ ಇಟ್ಟುಕೊಂಡೇ ಬಂದಿದ್ದಳು. "ಕರಿಕಂಬಳಿ ಹಾಸದೆ ನಮ್ಮಾಗೆ ಒಂದು ಮದುವೀನೂ ಆಗಲ್ಲ, ಅಕ್ಕಾರೆ. ಮಳ್ಯಾಗೆ ತಲೆ ಮ್ಯಾಲೆ ಕೊಪ್ಪೆ ಹಾಕ್ಕಣಾದೂ ಇದನ್ನೇ. ಇದು ಕಾಯ್ತದೆ" ಎಂದಳು. ಕಂಬಳಿಯನ್ನು ಅಂಗಳದಲ್ಲಿ ಹಾಸಿ, ವೀಳ್ಯದೆಲೆ ಕುಂಕುಮ ಇಟ್ಟು ಕೈಮುಗಿದು, ಆಮೇಲೆ ಗಂಡನಿಗೆ ಕತ್ತರಿ ಮುಟ್ಟಲು ಬಿಟ್ಟಳು. ಅಪ್ಪ ಕೂತಲ್ಲೇ ಕೈ ಚಾಚಿ ಒಂದು ತುದಿ ಹಿಡಿದು, "ಕಂಬಳಿಯೇ ಇರಲಿ. ಅದರ ಮೇಲೆ ಮಲಗಿಯೇ ಸರ್ವಿಸ್ ಮುಗಿಸಿದೀನಿ" ಎಂದರು.

ಈ ಸಲ ಯತ್ತಪ್ಪ ಪ್ರತಿ ಪಟ್ಟಿಯನ್ನೂ ಹೊಲಿಯುವ ಮೊದಲು ಕಾರಿನೊಳಗೆ ಮಲಗಿ, ಕೆಳಗಿನಿಂದ ಹಿಡಿದು ನೋಡಿ ಎದ್ದು ಬರುತ್ತಿದ್ದ. ಅವನಲ್ಲಿದ್ದದ್ದು ಟಾರ್ಪಾಲಿನ ದಪ್ಪ ಬಿಳಿ ನೂಲು. ಕಪ್ಪಿನ ಮೇಲೆ ಐದು ಬಿಳಿ ಗೆರೆ ಎದ್ದು ಕಾಣುತ್ತಿದ್ದವು. "ಹಳೇದರಾಗೆ ಐದಿದ್ವು, ಇದರಾಗೂ ಐದೇ" ಎಂದು ಸಮಾಧಾನಪಟ್ಟುಕೊಂಡ.

ಆದರೆ ಧೂಳಿಲ್ಲದಿದ್ದರೇನು, ಕಂಬಳಿಗೆ ಕೂದಲಿರುತ್ತದಲ್ಲ. ನಾನು ಅಪ್ಪನ ಬಿಳಿ ಪಂಚೆಯೊಂದನ್ನು ಹಿಂದಿನ ಸೀಟಿನ ಮೇಲೆ ಹಾಸಿ, ಹೊಳಲ್ಕೆರೆ ರಸ್ತೆಯಲ್ಲಿ ಐದು ಮೈಲಿ ಬೇಕೆಂದೇ ಗುಂಡಿಗಳಿಗೆ ಇಳಿಸಿ ಓಡಿಸಿ ಬಂದೆ. ಪಂಚೆಯ ಮೇಲೆ ಹನ್ನೊಂದು ಕೂದಲು ಬಿದ್ದಿದ್ದವು. ಕಂಬಳಿಯಲ್ಲಿ ಉಂಡು ಕೂದಲು ಎಣಿಸುವವಳು ಎಂದು ಅಪ್ಪ ನಕ್ಕರು. ಎಣಿಸದೆ ವಿಧಿಯಿರಲಿಲ್ಲ. ಓಬವ್ವ ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ಬೀಸಿ, ಅಂಬಲಿಯಂತೆ ಕಾಯಿಸಿ, ಕೂದಲು ಅಂಟಿ ಕೂರಲೆಂದು, ಮೂರ್ತಪ್ಪನ ಮಗ್ಗದಿಂದ ತಂದಿದ್ದ ಕುಂಚದಲ್ಲಿ ಇಡೀ ಸೂರಿಗೆ ಬಳಿದಳು. ಒಣಗಿದ ಮೇಲೆ ಮತ್ತೆ ಓಡಿಸಿದೆ: ಮೂರು ಕೂದಲು. ಮತ್ತೆ ಬಳಿದಳು. ಮೂರನೇ ಸಲ ಪಂಚೆ ಮಡಿಯಾಗಿಯೇ ಬಂತು.

ಅಷ್ಟರಲ್ಲಿ ಇನ್ನೊಂದು ಆಗಿತ್ತು. ನೀರು ಕುಡಿದು ಒಣಗಿದ ಉಣ್ಣೆ ಎಳೆದುಕೊಂಡಿತ್ತು. ಕಂಬಳಿ ಮುಂದಿನ ಗಾಜಿನ ಹತ್ತಿರ ಗೇಣುದ್ದ ಹಿಂದೆ ಸರಿದು ತಗಡು ಕಾಣುತ್ತಿತ್ತು. ಯತ್ತಪ್ಪ ಉಳಿದಿದ್ದ ತುಂಡನ್ನು ಅಲ್ಲಿಗೆ ಜೋಡಿಸಿ ಕೈಯಲ್ಲೇ ಹೊಲಿದ. ಕಂಬಿ ಇಲ್ಲದ ಬರಿ ಜೋಡಣೆ, ಆದರೂ ಹೊಲಿಗೆ ಹೊಲಿಗೆಯೇ. ಒಟ್ಟು ಆರಾದವು.

"ಐದಿದ್ದದ್ದನ್ನ ಆರು ಮಾಡಿಬಿಟ್ಟೆ. ಇದ್ದಂಗೇ ಮಾಡಿಕೊಡಬೇಕು ಅಂತಿದ್ದೆ. ಡಾಕ್ಟ್ರಿಗೆ ಹೇಳಬ್ಯಾಡ್ರಿ ಅಕ್ಕಾರೆ" ಎಂದು ಅಳುಮುಖ ಮಾಡಿದ.

"ಅವರಿಗೆ ಕಂಡರೆ ತಾನೇ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿ ಯಾವಾಗಲೂ ಹಾಗೆಯೇ, ಮುಂದೆ ಓಡಿ ಆಮೇಲೆ ಅಳುತ್ತದೆ.

ಅಪ್ಪನ ಹತ್ತಿರ ನೆಪ ಮುಗಿದಿತ್ತು. ಇಪ್ಪತ್ತೊಂದರ ಬೆಳಿಗ್ಗೆ ಮಾತಿಲ್ಲದೆ ಕಾರು ಹತ್ತಿದರು. ಬಲಗಣ್ಣಿನ ಆಪರೇಷನ್ ಆಯಿತು. ತಲೆಯ ಎರಡೂ ಪಕ್ಕ ಮರಳಿನ ಚೀಲ ಇಟ್ಟು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ಏಳು ದಿನ ಅಲುಗಾಡದಂತೆ ಮಲಗಿಸಿದ್ದರು. ಯತ್ತಪ್ಪ ಅಂಗಡಿ ಮುಚ್ಚಿ ಅಷ್ಟೂ ದಿನ ಮಂಚದ ಪಕ್ಕ ಕೂತಿದ್ದ. ಹೆಣ್ಣುಮಗಳು ನಾನು ಮಾಡಲಾಗದ ಸೇವೆಯನ್ನೆಲ್ಲ ಅವನು ಮಾಡಿದ. ಒಂದು ದಿನವೂ ಅಸಹ್ಯಪಡಲಿಲ್ಲ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಬೆರಳು ತೋರಿಸಿ ಎಷ್ಟೆಂದು ಕೇಳಿದರು. ಅಪ್ಪ ಒಮ್ಮೆ ಎರಡು ಎಂದರು, ಒಮ್ಮೆ ಮೂರು ಎಂದರು. ತೋರಿಸಿದ್ದು ಎರಡು ಸಲವೂ ನಾಲ್ಕು. "ಊತ ಇಳೀಬೇಕು, ಕಾದು ನೋಡೋಣ" ಎಂದು ಅವರು ಸದ್ಯಕ್ಕೆಂದು ದಪ್ಪ ಗಾಜಿನ ಕನ್ನಡಕವೊಂದನ್ನು ಕೊಟ್ಟು, ಇನ್ನೆರಡು ದಿನ ಇಟ್ಟುಕೊಂಡು ಕಳಿಸಿದರು. ಆ ಎರಡು ದಿನ ಅಪ್ಪ ಕಣ್ಣು ಮುಚ್ಚಿಕೊಂಡೇ ಮಲಗಿದ್ದರು. ಏನು ಕಾಣುತ್ತದೆಂದು ಕೇಳಲು ನನಗೂ ಧೈರ್ಯವಿರಲಿಲ್ಲ. ಅವರನ್ನು ಬಲವಂತ ಮಾಡಿ ಕರೆತಂದವಳು ನಾನೇ.

ವಾಪಸು ಬರುವಾಗ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನಾನು ಓಡಿಸುತ್ತಿದ್ದೆ, ಯತ್ತಪ್ಪ ಪಕ್ಕದಲ್ಲಿ ಕೂತಿದ್ದ. ಕಾರು ಎತ್ತಿನ ಗಾಡಿಯಂತೆ ನಿಧಾನ. ಅರ್ಧ ದಾರಿಯಾದರೂ ಹಿಂದಿನಿಂದ ಒಂದು ಶಬ್ದವಿಲ್ಲ.

"ಡಾಕ್ಟ್ರೇ, ನಿದ್ದೆ ಬಂತೇನ್ರಿ?" ಎಂದ ಯತ್ತಪ್ಪ, ತಿರುಗದೆ.

"ಇಲ್ಲ."

"ಹಂಗಾರೆ ಕನ್ನಡಕ ಹಾಕ್ಕಂಡು ಹೊಲಿಗೆ ಎಣಿಸ್ರಿ."

ಅಪ್ಪ ಕನ್ನಡಕ ಹಾಕಿಕೊಂಡು ಶುರು ಮಾಡಿದರು. "ಒಂದು. ಎರಡು. ಮೂರು. ನಾಲ್ಕು. ಐದು."

ಐದೆಂದು ಅವರಿಗೆ ಇಪ್ಪತ್ತಾರು ವರ್ಷದಿಂದ ಬಾಯಿಪಾಠ. ಕಣ್ಣು ಕಾಣದವರೂ ಐದೆನ್ನಬಹುದಿತ್ತು. ಯತ್ತಪ್ಪ ಎರಡೂ ಕೈಯಿಂದ ತನ್ನ ಮೊಣಕಾಲು ಹಿಡಿದುಕೊಂಡಿದ್ದ.

"ನಿಲ್ಲಿಸಬ್ಯಾಡ್ರಿ, ಡಾಕ್ಟ್ರೇ. ತಿರುಗಿ ಎಣಿಸ್ರಿ" ಎಂದ.

ಅಪ್ಪ ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದರು, ಈ ಸಲ ಬಹಳ ನಿಧಾನವಾಗಿ. ಐದು ಎಂದ ಮೇಲೆ ತಡೆದರು. ಸೀಟು ಕಿರುಗುಟ್ಟಿತು.

"ಲೇ ಯತ್ತಪ್ಪ, ಗಾಜಿನ ಹತ್ರ ಇನ್ನೊಂದು ಐತಲ್ಲೋ. ಸೊಟ್ಟಗೆ ಹೊಲಿದೀಯ. ಆರು."

ನಾನು ಕಾರು ನಿಲ್ಲಿಸಿದೆ, ಮುಂದೆ ದಾರಿ ಕಾಣಲಿಲ್ಲ. ಯತ್ತಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ, ಅವನ ಬೆನ್ನು ಅಲುಗುತ್ತಿತ್ತು.

"ಈ ಕಡೆ ತಿರುಗೋ, ಮುಖ ನೋಡಾಣ" ಎಂದರು ಅಪ್ಪ.

ಅವನು ತಿರುಗಿದ. "ಇದ್ದೀನ್ರಿ ಡಾಕ್ಟ್ರೇ" ಎಂದ.

"ನಾನೂ ಇದ್ದೀನಿ ಕಣಪ್ಪ" ಎಂದರು ಅಪ್ಪ.

ಆ ಹೊತ್ತಿಗೆ ಹೊಳಲ್ಕೆರೆ ಇನ್ನೂ ಎರಡು ಮೈಲಿ ಇತ್ತು. ಅಲ್ಲಿ ಹೋಟೆಲೊಂದರ ಮುಂದೆ ನಿಲ್ಲಿಸಿ, ಮೂರು ಉಪ್ಪಿಟ್ಟು ನಾನೇ ಇಳಿದು ಹೋಗಿ ತಂದೆ.