ಅಂಬುಜಾ ಮಾತಾಡಿದ ಐದು ನಿಮಿಷ

ದೂರದ ಬಂಗಾಳಕ್ಕೆ ಬಂದು, ಲೇಕ್ ಮಾರ್ಕೆಟ್ಟಿನ ಹಿಂದೆ ಗಂಡ ಶ್ರೀಶನ ಜೊತೆ ಇಪ್ಪತ್ತೆಂಟು ವರ್ಷದಿಂದ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿರುವ ಅಂಬುಜಾಗೆ, ಅತ್ತೆ ತೀರಿಕೊಂಡು ನಾಲ್ಕು ತಿಂಗಳಾದರೂ ಒಂದು ಸಂಗತಿ ಬಗೆಹರಿದಿರಲಿಲ್ಲ. ಅತ್ತೆ ಹೋದದ್ದು ತನಗೆ ಸಂತೋಷವೋ, ದುಃಖವೋ?

ನಗಬೇಡಿ. ಒಂದೇ ಅಡುಗೆಮನೆಯಲ್ಲಿ ಅಷ್ಟು ವರ್ಷ ಗುದ್ದಾಡಿದವರಿಗೇ ಗೊತ್ತು ಆ ಕಷ್ಟ. ಮುದುಕಿ ದಿನಾ ತಟ್ಟೆಯ ಮುಂದೆ ಕೂತು, "ಹುಳಿಗೆ ಉಪ್ಪು ಹಾಕಿದ್ಯಾ, ಅಲ್ಲ ಮರ್ತು ಹೋಯ್ತಾ?" ಎಂದು ಶುರುಮಾಡಿ, ಗೊಣಗುತ್ತಲೇ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು. ಅವರು ಸತ್ತ ದಿನ ಅಂಬುಜಾ ಅಳಲಿಲ್ಲ. ಪೀಡೆ ತೊಲಗಿತು ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ನಿಜ. ಹಾಗಾದರೆ ಊಟದ ಹೊತ್ತಾಗುತ್ತಿದ್ದಂತೆ ಈ ಕಸಿವಿಸಿ ಯಾಕೆ? ತನ್ನ ಹುಳಿಯ ರುಚಿ ತನಗೇ ತಿಳಿಯುತ್ತಿಲ್ಲ, ಇದೆಂಥ ಗ್ರಹಚಾರ!

"ಅಮ್ಮಾ, ಸಂಡೇ ಲೇಕ್ ಹತ್ರ ಹ್ಯಾಪಿನೆಸ್ ಮೇಲಾ ಇದೆ. ಫುಲ್ ಫ್ರೀ. ನೀನು ಹೋಗು, ಪ್ಲೀಸ್," ಎಂದಳು ಮಗಳು ಮಾನ್ಯ.

"ಸಂತೋಷ ಪುಕ್ಕಟೆ ಹಂಚ್ತಾರಾ? ನಿಂಗೆಂತ ಮರ್ಲಾ?" ಎಂದು ಗದರಿದರೂ ಭಾನುವಾರ ಬೆಳಿಗ್ಗೆ ಅಂಬುಜಾ ಹೋದಳು.

ಕೆರೆಯ ದಂಡೆಯಲ್ಲಿ ಚಾಪೆ ಹಾಸಿತ್ತು. ನೂರಾರು ಜನ ಕೈ ಮೇಲೆತ್ತಿ, ಯಾರೂ ಏನೂ ಹೇಳದಿದ್ದರೂ ಹೋ ಹೋ ಎಂದು ನಗುತ್ತಿದ್ದರು. ಅಂಬುಜಾ ಅತ್ತಿತ್ತ ನೋಡಿ, ನಗಲೂ ಆಗದೆ ಎದ್ದು ಬರಲೂ ಆಗದೆ ಕೈ ಮಾತ್ರ ಎತ್ತಿದಳು. ಆಮೇಲೆ ಪ್ರಕೃತಿ ಎಂಬ ಹುಡುಗಿ ಮೈಕು ಹಿಡಿದು ಎಲ್ಲರನ್ನೂ ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದಳು. ಒಬ್ಬರು ಐದು ನಿಮಿಷ ಮಾತಾಡಬೇಕು, ಯಾವ ಭಾಷೆಯಾದರೂ ಸರಿ. ಇನ್ನೊಬ್ಬರು ತುಟಿಪಿಟಕ್ಕೆನ್ನದೆ ಕೇಳಬೇಕು.

ಅಂಬುಜಾಳ ಎದುರಿಗೆ ಸಿಕ್ಕಿದ್ದು ಒಬ್ಬ ಬಂಗಾಳಿ ಅಜ್ಜಿ. ಇಲ್ಲಿಯವರು ಹಿರಿಯ ಹೆಂಗಸರನ್ನು ಕರೆಯುವಂತೆ ಮಾಶಿಮಾ ಎಂದು ಕೈಮುಗಿದು, ಈಕೆಗೆಲ್ಲಿ ಅರ್ಥವಾಗಬೇಕು ಎಂಬ ಧೈರ್ಯದ ಮೇಲೆ ಅಂಬುಜಾ ಕನ್ನಡದಲ್ಲೇ ಬಾಯಿ ಬಿಟ್ಟಳು.

"ನಮ್ಮತ್ತೆ ಉಂಟಲ್ಲ, ಮಹಾ ಘಾಟಿ. ಒಂದು ದಿನ, ಒಂದೇ ಒಂದು ದಿನ ಲಾಯ್ಕಾಗಿದೆ ಅಂತ ಹೇಳ್ಲಿಲ್ಲ. ಕಡೆಗೆ ಆಸ್ಪತ್ರೆಯಲ್ಲೂ ಅಲ್ಲಿಯವರು ಕೊಟ್ಟ ಗಂಜಿ ಮುಟ್ಲಿಲ್ಲ, ನಾನೇ ಮಾಡಿ ತರ್ಬೇಕು. ತಂದ್ರೆ ಅದಕ್ಕೂ ಹೆಸರಿಡುದು. ಹೆಸರಿಟ್ಟು ಪೂರಾ ಕುಡಿಯುದು. ಎಂತಕ್ಕೆ ಹಾಗೆ? ನಂಗೆ ಅರ್ಥವೇ ಆಗುದಿಲ್ಲ ಮಾರಾಯ್ರೇ!"

ಗಂಟೆ ಹೊಡೆಯಿತು. ಈಗ ಮಾಶಿಮಾಳ ಸರದಿ. ಆಕೆಯ ಬಂಗಾಳಿ ಅಂಬುಜಾಗೆ ನೀರು ಕುಡಿದಷ್ಟು ಸಲೀಸು.

"ನನ್ನ ಸೊಸೆ ಇದ್ದಾಳಲ್ಲ, ಮೀನಿನ ಸಾರು ಮಾಡಿದರೆ ಹತ್ತು ತಪ್ಪು ಹುಡುಕ್ತೀನಿ. ಮುಖ ಊದಿಸಿಕೊಳ್ತಾಳೆ. ನಿಜ ಹೇಳ್ಲಾ? ಅವಳ ಕೈ ಅಡುಗೆ ಬಿಟ್ಟು ಬೇರೆ ಯಾರದ್ದೂ ನನಗೆ ಗಂಟಲಲ್ಲಿ ಇಳಿಯಲ್ಲ. ಅದನ್ನ ಅವಳಿಗೆ ಹೇಳೋಕಾಗತ್ತಾ? ತಲೆ ಮೇಲೆ ಕೂರ್ತಾಳೆ ಅಷ್ಟೆ."

ಮೀನಿನ ಹೆಸರಿಗೆ ಮೂಗು ಮುರಿಯುವ ಅಂಬುಜಾ ಅದನ್ನೂ ಮರೆತಳು. ಬಾಯಿ ತೆರೆಯಬಾರದೆಂಬ ನಿಯಮವನ್ನೂ ಮರೆತು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಬಂಗಾಳಿಯಲ್ಲೇ, "ಹೇಳಿ ಮಾಶಿಮಾ. ಇವತ್ತೇ ಮನೆಗೆ ಹೋಗಿ ಹೇಳಿಬಿಡಿ," ಎಂದಳು. ನಾಲ್ಕು ತಿಂಗಳು ಬಾರದ ಅಳು ಆ ಜನರ ನಡುವೆ, ಅಷ್ಟು ಬೆಳಕಿನಲ್ಲಿ ಬಂದುಬಿಟ್ಟಿತು.

ಮಾಶಿಮಾಗೆ ತಲೆಬುಡ ತಿಳಿಯಲಿಲ್ಲ. "ಅಯ್ಯೋ, ನೀನ್ಯಾಕಮ್ಮ ಅಳ್ತೀಯ? ನಾನಿನ್ನೂ ಬದುಕಿದ್ದೀನಲ್ಲ!"

"ಅದಕ್ಕೇ ಹೇಳಿ ಅಂದದ್ದು," ಎಂದಳು ಅಂಬುಜಾ.